ಗಿರಿಯಪ್ಪ ಹಡಗಿನ ಮೇಲೆ ಕೂತ ದಿನ

ಹಳೇ ಹುಬ್ಬಳ್ಳಿಯ ಗಿರಿಯಪ್ಪ ಮದುವೆಯಾದ ವರ್ಷವೇ ಮುಂಬಯಿಗೆ ಹೋಗಿ, ಕುಮಟೆ, ಕಾರವಾರದಂಥ ಕರಾವಳಿಯ ಊರುಗಳಿಗೆ ಜನರನ್ನು ಒಯ್ಯುವ ಹಡಗೊಂದರಲ್ಲಿ ಕೆಲಸಕ್ಕೆ ನಿಂತ. ತಳದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸ. ವರ್ಷಕ್ಕೊಮ್ಮೆ ಊರಿಗೆ ಬಂದರೆ ರಜೆಯೆಲ್ಲ ನಿದ್ದೆಯಲ್ಲೇ ಕಳೆಯುತ್ತಿತ್ತು. ಸಮುದ್ರ ಹೇಗಿರುತ್ತದೆಂದು ಹೆಂಡತಿ ರುಕ್ಮವ್ವ ಕೇಳಿದರೆ ಅವನಿಗೆ ಬೇಸರ.

“ತಳದಾಗ ಕಿಟಕಿ ಎಲ್ಲೈತಿ? ಹಡಗ ನಿಂತಾಗ ಬೂದಿ ತಗಿಯೋದು, ಬಿಟ್ಟಾಗ ಇದ್ದಲಿ ಹಾಕೋದು. ಅಷ್ಟ.”

ಎದೆ ಕಟ್ಟತೊಡಗಿದ ಮೇಲೆ ಹಡಗು ಬಿಟ್ಟು ಬಂದ. ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಸಿಕ್ಕಿದ್ದೂ ಬಾಯ್ಲರಿನ ಕೆಲಸವೇ.

೧೯೫೯ರ ಚಳಿಗಾಲದಲ್ಲಿ ಹಡಗಿನ ಹಳೆಯ ಜೊತೆಗಾರ ದುರಗಪ್ಪ ಮನೆಗೆ ಬಂದ. ತಮ್ಮ ಆ ಹಡಗು ಮುದಿಯಾಗಿದೆ, ಮಳೆಗಾಲದೊಳಗೆ ಒಡೆದು ಹಾಕುತ್ತಾರೆ ಎಂದ. ಗಿರಿಯಪ್ಪ ಎದ್ದು ಗಿರಣಿಯ ಪಾಳಿಗೆ ಹೋದ. ರುಕ್ಮವ್ವ ಮಾತ್ರ ಬಿಡಲಿಲ್ಲ.

“ಒಮ್ಮೆ ಮ್ಯಾಲೆ ಕುಂತ ಹೋಗೂಣ್ರಿ. ಅಷ್ಟ ವರ್ಷ ಅದಕ್ಕ ಬೆಂಕಿ ಹಾಕೀರಿ.”

ಕೊನೆಗೆ ಒಪ್ಪಿದ. ಪಾಳಿ ಮುಗಿಸಿ, ಮುಖವನ್ನೂ ಸರಿಯಾಗಿ ತೊಳೆಯದೆ ಹೆಂಡತಿಯೊಂದಿಗೆ ಶಿರಸಿ ಬಸ್ಸು ಹತ್ತಿದ. ಘಟ್ಟವಿಳಿದು ಕುಮಟೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಕಾರವಾರದ ಕಡೆ ಹೊರಟ ಆ ಹಡಗನ್ನೇರಿದರು. ಗಿರಿಯಪ್ಪ ಮೇಲ್ಗಡೆ, ಬಿಸಿಲಿನಲ್ಲಿ, ಬಟ್ಟೆಯ ಗಂಟಿಗೊರಗಿ ಕೂತ. ಕಾಲ ಕೆಳಗೆ ಎಂಜಿನ್ನು ನಡುಗುತ್ತಿತ್ತು. ತದಡಿ ಬರುವ ಮೊದಲೇ ಅವನಿಗೆ ನಿದ್ದೆ ಹತ್ತಿತು.

ಅಲ್ಲಿ ಗುಡ್ಡಗಳು ನೇರ ನೀರಿಗೇ ಇಳಿದಿದ್ದವು. ಅವುಗಳ ನಡುವೆ ಸಮುದ್ರ ಒಳನಾಡಿನತನಕ ನುಗ್ಗಿ ಹಸಿರಾಗಿ ಮಲಗಿತ್ತು. ಎಬ್ಬಿಸಲೆಂದು ರುಕ್ಮವ್ವ ಗಂಡನ ಹೆಗಲಿಗೆ ಕೈಯಿಟ್ಟಳು. ಅವನ ರೆಪ್ಪೆಯ ಸುಕ್ಕಿನಲ್ಲಿ ಗಿರಣಿಯ ಮಸಿ ಇನ್ನೂ ಇತ್ತು. ಅವಳು ಕೈ ತೆಗೆದಳು. ಸೆರಗನ್ನು ಅವನ ಮುಖಕ್ಕೆ ನೆರಳಾಗುವಂತೆ ಹಿಡಿದು, ಗೋಕರ್ಣದ ಗುಡ್ಡವನ್ನೂ ಆಮೇಲಿನ ನಡುಗಡ್ಡೆಗಳನ್ನೂ ಒಬ್ಬಳೇ ನೋಡಿದಳು. ಸಂತೋಷವೇನೋ ಆಯಿತು, ಆದರೆ ಕೈ ಸೋತುಹೋಗಿತ್ತು.

ಕಾರವಾರದಲ್ಲಿ ಲಂಗರಿನ ಸರಪಳಿ ಸದ್ದು ಮಾಡಿದಾಗ ಗಿರಿಯಪ್ಪ ದಡಕ್ಕನೆ ಎದ್ದ. ಸಲಿಕೆ ಹುಡುಕುವವನಂತೆ ಸುತ್ತ ನೋಡಿ ನಾಚಿಕೊಂಡ.

“ಎಬ್ಬಸಬೇಕಿತ್ತು ನೀ.”

“ಮನಸ್ಸ ಬರಲಿಲ್ರಿ.”

ದಡಕ್ಕೆ ಒಯ್ಯುವ ದೋಣಿಯಲ್ಲಿ ಅವನು ಹಡಗಿನ ಕಡೆ ತಿರುಗಿಯೂ ನೋಡಲಿಲ್ಲ. ನದಿ ಸಮುದ್ರ ಸೇರುವಲ್ಲಿ ನಿಂತಿದ್ದ ಗುಡ್ಡ ತೋರಿಸಿ ಅದರ ಹೆಸರೇನೆಂದು ಅಂಬಿಗನನ್ನು ಕೇಳಿದ. ಸದಾಶಿವಗಡ ಎಂದ ಅಂಬಿಗ, ಮೊದಲ ಸಲ ಬಂದಿರೇನು ಎಂದೂ ಕೇಳಿದ. ಗಿರಿಯಪ್ಪ ಹೌದೆಂದ.