ಒರೆಸದೆ ಬಿಟ್ಟ ಎಣ್ಣೆ

ಬಸವನ ಬಾಗೇವಾಡಿಯಿಂದ ನಮ್ಮ ನಾದಿನಿ ಗಾಣದ ಕುಸುಬಿ ಎಣ್ಣೆ ಕಳಿಸಿದ್ದಳು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅಡಿಗೆ ಮನೆಯೆಲ್ಲ ಅದೇ ವಾಸನೆ. ಈಗ ಪಾಕೀಟಿನಲ್ಲಿ ಬರುವ ಎಣ್ಣೆಗೆ ವಾಸನೆಯೇ ಇರುವುದಿಲ್ಲ. ಕಡಲೆ ಹಿಟ್ಟಿನ ಜುಣಕಕ್ಕೆ ಒಗ್ಗರಣೆ ಹಾಕಲೆಂದು ಡಬ್ಬಿ ಬಗ್ಗಿಸಿದವಳು ಹಾಗೆಯೇ ನಿಂತುಬಿಟ್ಟೆ. ಹದಿನಾರು ವರ್ಷದ ಹಿಂದೆ ಇದೇ ಎಣ್ಣೆ ಹಚ್ಚಿ ನೀವಿದ ಒಂದು ಮೊಣಕಾಲು ನೆನಪಾಯಿತು...

ನಾವಿರುವುದು ಮುದ್ದೇಬಿಹಾಳದಲ್ಲಿ, ಹಣಮಪ್ಪನ ಗುಡಿಯ ಓಣಿಯಲ್ಲಿ. ಗುಡಿಯ ಮುಂದೆ ಪರಸಿ ಕಲ್ಲು ಹಾಸಿದ ದೊಡ್ಡ ಕಟ್ಟೆ. ಓಡಾಡಿದವರ ಕಾಲಿಗೆ ಸವೆದು ಸವೆದು ಆ ಕಲ್ಲು ಊಟದ ತಟ್ಟೆಯಷ್ಟು ನುಣುಪಾಗಿತ್ತು. ನಮಗೆ ಹೆಂಗಸರಿಗೆ ಅದು ಶ್ಯಾವಿಗೆ ಒಣಹಾಕುವ ಜಾಗ. ಎದುರು ಮನೆಯ ಹುಡುಗನಿಗೆ ಕುಣಿಯುವ ಜಾಗ.

ಅವನಿಗೆ ಆಗ ಇಪ್ಪತ್ತೆರಡು ಇದ್ದೀತು. ತಂದೆ ಇರಲಿಲ್ಲ. ತಾಯಿ ಅಂಗನವಾಡಿಯಲ್ಲಿ ಅಡಿಗೆ ಮಾಡುತ್ತಿದ್ದಳು. ಅವನಿಗೆ ಯಾರೂ ಕುಣಿತ ಕಲಿಸಿದವರಲ್ಲ, ಮೊಬೈಲಿನಲ್ಲಿ ನೋಡಿ ತಾನೇ ಕಲಿತದ್ದು. ಮದುವೆಯ ಮೆರವಣಿಗೆ, ಗಣಪತಿ ಕಳಿಸುವ ದಿನ, ಎಲ್ಲಿ ಸೌಂಡ್ ಬಾಕ್ಸ್ ಇದೆಯೋ ಅಲ್ಲಿ ಅವನು. ಸಂಜೆಯಾದರೆ ಮೂವರು ಗೆಳೆಯರನ್ನು ಕಟ್ಟಿಕೊಂಡು ಕಟ್ಟೆಗೆ ಬರುತ್ತಿದ್ದ. ಬೆನ್ನ ಮೇಲೆ ಬಿದ್ದು ಬುಗುರಿಯಂತೆ ತಿರುಗುತ್ತಿದ್ದ, ಒಂದೇ ಕೈಯೂರಿ ಕಾಲು ಮೇಲೆ ಮಾಡಿ ನಿಲ್ಲುತ್ತಿದ್ದ. ಓಣಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ ಡ್ಯಾನ್ಸ್ ಮಾಸ್ತರ ಎಂದು. ಮೊದಮೊದಲು ಚೇಷ್ಟೆಗೆ ಕರೆದರು. ಆಮೇಲೆ ಅದೇ ನಿಜವಾಯಿತು.

ನನಗೆ ಅವನ ಮೇಲೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಮಡಿಯಲ್ಲಿ ಹೋಗಿ ಗುಡಿಯ ಮುಂದೆ ರಂಗೋಲಿ ಹಾಕುತ್ತಿದ್ದೆ. ಸಂಜೆ ಎಣ್ಣೆ ಒಯ್ದು ನೋಡಿದರೆ ನನ್ನ ರಂಗೋಲಿ ಅವನ ಅಂಗಿಯ ಬೆನ್ನಿನ ಮೇಲಿರುತ್ತಿತ್ತು. ಇಷ್ಟೇ.

"ಏನಪಾ, ದೇವ್ರ ಮುಂದ ಇದೇನ ಉಳ್ಳ್ಯಾಟಾ? ಮನ್ಯಾಗ ಜಾಗಾ ಇಲ್ಲೇನು?" ಎಂದು ಒಮ್ಮೆ ಬೈದೆ.

ಅವನು ಎದ್ದು ಕೈಮುಗಿದು ನಕ್ಕ. "ಅಕ್ಕಾರ, ಹಣಮಪ್ಪನೂ ಜಿಗ್ಯಾಂವನ ಅಲ್ರಿ? ಸಮುದ್ರಾನ ಜಿಗದಾಂವ, ನಮ್ಮ ಜಿಗ್ಯಾಟ ನೋಡಿ ಸಿಟ್ಟಾಗ್ತಾನೇನ್ರಿ?"

ಗೆಳೆಯರು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂದಿತ್ತು, ತೋರಗೊಡಲಿಲ್ಲ. ಆ ನಗುವನ್ನು ನುಂಗಿದ್ದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಾಯಿತೇನೋ...

ಆ ವರ್ಷ ಟೀವಿಯವರ ಡ್ಯಾನ್ಸ್ ಸ್ಪರ್ಧೆಗೆ ಹುಬ್ಬಳ್ಳಿಯಲ್ಲಿ ಹುಡುಗರನ್ನು ಆರಿಸುವವರಿದ್ದರು. ಅವನಿಗೂ ಕರೆ ಬಂದಿತ್ತು. ಅವನ ತಾಯಿ ಮನೆಮನೆಗೆ ಸಕ್ಕರೆ ಹಂಚಿದಳು, ನನ್ನ ಅಂಗೈಗೂ ಹಾಕಿದಳು. ಹೋಗಲು ಮೂರೇ ದಿನ ಉಳಿದಿತ್ತು. ಅವತ್ತು ಶನಿವಾರ.

ಸಂಜೆ ಎಣ್ಣೆಯ ಗಿಂಡಿ ಹಿಡಿದು ಕಟ್ಟೆ ಹತ್ತುವಾಗ ಸೆರಗು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಗಿಂಡಿಯ ಅರ್ಧ ಎಣ್ಣೆ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಚೆಲ್ಲಿತು. ಕೈತಪ್ಪಿ ಚೆಲ್ಲಿದ್ದು, ದೇವರಾಣೆಗೂ ಬೇಕೆಂದು ಚೆಲ್ಲಿದ್ದಲ್ಲ. ಗುಡಿಯ ಮೂಲೆಯಲ್ಲಿ ಅರಿವೆಯೂ ಇತ್ತು, ಬೂದಿಯೂ ಇತ್ತು. ಎರಡನ್ನೂ ನೋಡಿದೆ. ಇವತ್ತೊಂದು ದಿನವಾದರೂ ಇವರ ಕುಣಿತ ತಪ್ಪಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಉಳಿದ ಎಣ್ಣೆಯನ್ನು ದೀಪಕ್ಕೆ ಹಾಕಿ, ಪ್ರದಕ್ಷಿಣೆ ಹಾಕಿ, ಮನೆಗೆ ಬಂದೆ. ಎಣ್ಣೆ ಕಂಡರೆ ಬೈದುಕೊಂಡು ಹಿಂದೆ ಹೋಗುತ್ತಾರೆ ಎಂದುಕೊಂಡಿದ್ದೆ. ಕಪ್ಪು ಕಲ್ಲಿನ ಮೇಲೆ ಎಣ್ಣೆ ಕಾಣುವುದಿಲ್ಲ ಎಂಬುದು ಇಷ್ಟು ವರ್ಷ ಪರಸಿ ಒರೆಸಿದ ನನಗೆ ಹೊಳೆಯದೆ ಹೋಯಿತೋ, ಹೊಳೆದಿತ್ತೋ... ಈಗಲೂ ನನಗೇ ಖಾತ್ರಿ ಇಲ್ಲ.

ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕಟ್ಟೆಯ ಕಡೆಯಿಂದ ಕೇಳುತ್ತಿದ್ದ ಹಾಡು ನಡುವೆಯೇ ನಿಂತಿತು. ಆಮೇಲೆ ಅವನ ತಾಯಿಯ ಕೂಗು.

ಜಾರಿ ಬಿದ್ದವನನ್ನು ವಿಜಯಪುರದ ದವಾಖಾನೆಗೆ ಒಯ್ದರು. ಮೊಣಕಾಲೊಳಗಿನ ನರ ಹರಿದಿದೆ, ನಡೆಯಲು ತೊಂದರೆಯಿಲ್ಲ, ಕುಣಿತ ಮಾತ್ರ ಇನ್ನು ಬೇಡ ಎಂದರಂತೆ. ನಡೆಯುತ್ತಾನಲ್ಲ, ಅದೇ ಹಣಮಪ್ಪನ ದಯ ಎಂದು ಓಣಿಯವರೆಲ್ಲ ಅಂದರು. ನಾನೂ ಅಂದೆ. ಎಣ್ಣೆ ಯಾರದ್ದೆಂದು ಒಬ್ಬರೂ ಕೇಳಲಿಲ್ಲ. ಗುಡಿ ಅಂದ ಮೇಲೆ ಎಣ್ಣೆ ಇದ್ದೇ ಇರುತ್ತದೆ.

ಪಟ್ಟಿ ಬಿಚ್ಚಿದ ಮೇಲೆ ನಾನೇ ದಿನಾ ಹೋಗಿ, ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಕಾಸಿ ಅವನ ಕಾಲು ನೀವಿದೆ. ಒಂದೂವರೆ ತಿಂಗಳು. "ಹಡದವ್ವನ ಹಂಗ ಮಾಡಾಕತ್ತೀರಿ ಅಕ್ಕಾರ," ಎನ್ನುತ್ತಿದ್ದಳು ಅವನ ತಾಯಿ. ನಾನು ತಲೆ ಎತ್ತದೆ ನೀವುತ್ತಿದ್ದೆ.

ಅವನು ಸುಮ್ಮನೆ ಕೂತವನಲ್ಲ. ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಚಪ್ಪಾಳೆ ತಟ್ಟುತ್ತ, ಓಣಿಯ ಮಕ್ಕಳಿಗೆ ಕಲಿಸತೊಡಗಿದ. ಆಮೇಲೆ ಸಿಂದಗಿ, ಇಂಡಿ ಸಾಲಿಗಳ ವಾರ್ಷಿಕ ಗ್ಯಾದರಿಂಗಿನ ಕುಣಿತಕ್ಕೆ ಅವನೇ ಬೇಕೆಂದು ಕರೆ ಬಂದವು. ಅವನು ಕಲಿಸಿದ ಹುಡುಗಿಯರ ತಂಡ ಟೀವಿಗೆ ಹೋಯಿತು, ಹಿಂದೆಯೇ ಅವನೂ ಹೋದ. ಧಾರಾವಾಹಿ, ಸ್ಟೇಜ್ ಶೋ, ಒಂದೆರಡು ಸಿನೆಮಾ ಹಾಡು. ಕೊರಿಯೋಗ್ರಾಫರ್ ಎಂದು ಅವನ ಹೆಸರು ಪರದೆಯ ಮೇಲೆ ಬಂದ ದಿನ ಓಣಿಯಲ್ಲಿ ಪಟಾಕಿ ಹೊಡೆದರು.

ಒಮ್ಮೆ ಟೀವಿಯ ವೇದಿಕೆಯ ಮೇಲೆ ಯಾರೋ ಅವನ ಕಾಲಿನ ವಿಷಯ ಕೇಳಿದರು. "ನಮ್ಮ ಓಣ್ಯಾಗ ಒಬ್ರು ಅಕ್ಕಾರ ಅದಾರ್ರಿ. ಎಣ್ಣಿ ತಿಕ್ಕಿ ತಿಕ್ಕಿ ನನ್ನ ನಿಂದ್ರಿಸಿದವ್ರು ಅವ್ರ," ಎಂದ. ಜನ ಚಪ್ಪಾಳೆ ಹೊಡೆದರು. ಮರುದಿನ ನಳದ ಹತ್ತಿರ ಹೆಂಗಸರು ನನಗೆ ಮೊದಲು ಕೊಡ ತುಂಬಲು ಬಿಟ್ಟುಕೊಟ್ಟರು. ತುಂಬಿಕೊಂಡು ಬಂದೆ. ಆ ನೀರಿನಲ್ಲೇ ದೇವರ ಪೂಜೆಯನ್ನೂ ಮಾಡಿದೆ.

ಊರಿಗೆ ಬಂದಾಗ ಒಮ್ಮೆ ನಮ್ಮ ಹೊಸ್ತಿಲ ಹತ್ತಿರವೇ ಕೂತ, ಮೊಣಕಾಲು ಮಡಚಲು ಬಾರದೆ ಕಾಲು ನೀಡಿಕೊಂಡು. ಇವತ್ತು ಹೇಳಿಬಿಡಬೇಕು ಎಂದು ಚಹಾ ಕುದಿಸುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಕಪ್ಪು ಬಸಿ ಕೈಗೆ ಕೊಟ್ಟೆ.

"ನಿನ್ನ ಕುಣಿತ ಹೋತಲ್ಲಪಾ..." ಎಂದೆ.

"ಹೋಗ್ಲಿ ಬಿಡ್ರಿ ಅಕ್ಕಾರ. ಇಪ್ಪತ್ತ ಮಂದಿ ಕಾಲಾಗ ಕುಣ್ಯಾಕತ್ತೇನಿ ಈಗ," ಎಂದು ನಕ್ಕ. ಆಮೇಲೆ, ಚಹಾ ಬಸಿಗೆ ಸುರಿದುಕೊಳ್ಳುತ್ತ, "ಖರೇ ಹೇಳ್ಬೇಕಂದ್ರ, ಕನಸಿನ್ಯಾಗ ಇನ್ನೂ ಆ ಪರಸಿ ಮ್ಯಾಲೆ ತಿರಗತೇನ್ರಿ," ಎಂದ.

ಖಾಲಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದೆ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಹೋದ ಶ್ರಾವಣದಲ್ಲಿ, ಶೂಟಿಂಗ್ ನಡೆದಲ್ಲಿಯೇ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತನಂತೆ... ಮತ್ತೆ ಏಳಲಿಲ್ಲ. ಮೂವತ್ತೆಂಟು ವರ್ಷ.

ನಾನು ದಿನಾ ಮಲಗುವ ಮೊದಲು ದೇವರು ಕೊಟ್ಟದ್ದನ್ನು ಎಣಿಸುವವಳು. ಎರಡು ಹೊತ್ತಿನ ಊಟ, ಮಕ್ಕಳ ಆರೋಗ್ಯ, ಕಣ್ಣು ಇನ್ನೂ ಕಾಣುತ್ತಿರುವುದು. ಅವನು ದೊಡ್ಡವನಾದದ್ದನ್ನೂ ಇಷ್ಟು ವರ್ಷ ಆ ಎಣಿಕೆಯಲ್ಲಿ ಸೇರಿಸುತ್ತ ಬಂದಿದ್ದೆ, ಬಿದ್ದದ್ದರಿಂದ ಒಳ್ಳೆಯದೇ ಆಯಿತು ಎಂಬಂತೆ. ಅವನು ಹೋದ ಮೇಲೆ ಅದನ್ನು ಎಣಿಸುವುದು ಬಿಟ್ಟಿದ್ದೇನೆ. ಹಣಮಪ್ಪನಿಗೆ ಹೇಳಿ ಅಳುವುದರಲ್ಲಿಯೂ ಅರ್ಥವಿಲ್ಲ. ದೇವರು ಆ ಸಂಜೆ ಅಲ್ಲೇ ಇದ್ದ, ನೋಡಿದ್ದಾನೆ. ಹೇಳಬೇಕಾದವನಿಗೆ ನಾನು ಹೇಳಲಿಲ್ಲ.

ನಾದಿನಿ ಕಳಿಸಿದ ಎಣ್ಣೆಯನ್ನು ಗಿಂಡಿಗೆ ಹಾಕಿಕೊಂಡು ಈ ಶನಿವಾರ ಗುಡಿಗೆ ಹೋದೆ. ಅವನ ಹತ್ತಿರ ಕಲಿತ ಸಿಂದಗಿಯ ಹುಡುಗಿಯೊಬ್ಬಳು ಈಗ ನಮ್ಮ ಓಣಿಯ ಮಕ್ಕಳಿಗೆ ಕಲಿಸಲು ವಾರಕ್ಕೊಮ್ಮೆ ಬರುತ್ತಾಳೆ. ಮಕ್ಕಳನ್ನು ಕೆಳಗೇ ನಿಲ್ಲಿಸಿ, ಹೆಗಲ ಮೇಲಿನ ಟಾವೆಲ್ ತೆಗೆದು, ಮೊಣಕಾಲೂರಿ, ಕಟ್ಟೆಯನ್ನು ಮೂಲೆಯಿಂದ ಮೂಲೆಗೆ ಒರೆಸುತ್ತಿದ್ದಳು.

"ಇದ್ಯಾಕವಾ, ಕಸಾ ಹೊಡದೈತಲ್ಲ?" ಎಂದೆ.

"ನಮ್ಮ ಸರ್ ರೂಢಿರಿ ಆಯಿ. ಎಷ್ಟ ದೊಡ್ಡ ಸ್ಟೇಜ್ ಇರ್ಲಿ, ಮೊದಲ ತಾವ ಒರಸವ್ರು. ಮತ್ತೊಬ್ರು ಒರಸ್ತಾರಂತ ಬಿಡಬ್ಯಾಡ್ರಿ ಅಂತಿದ್ರು."

ಗಿಂಡಿಯನ್ನು ಜೋಪಾನವಾಗಿ ಕೆಳಗಿಟ್ಟೆ. ಅವಳ ಕೈಯಿಂದ ಟಾವೆಲ್ ಇಸಿದುಕೊಂಡೆ. ಕೂರಲು ಕಷ್ಟವಾಯಿತು, ಕೂತೆ. ಮೆಟ್ಟಿಲ ಪಕ್ಕದ ಎರಡನೆಯ ಕಲ್ಲು. ಅದನ್ನು ಗುರುತು ಹಿಡಿಯಲು ನನಗೆ ಯಾರೂ ತೋರಿಸಬೇಕಾಗಿಲ್ಲ.

"ಒಣಾ ಐತ್ರಿ ಆಯಿ, ಸಾಕ ಬಿಡ್ರಿ," ಎಂದಳು ಹುಡುಗಿ.

ಹೌದು, ಒಣಗಿಯೇ ಇತ್ತು. ನಾನು ಒರೆಸುತ್ತಲೇ ಇದ್ದೆ...