ಮೊಣಕೈ ಮರೆಯ ಅಕ್ಷರ

ಸತ್ತವರ ಕುಲೆ, ಭೂತ ಅಂದರೆ ನಗುತ್ತಿದ್ದವನು ನಾನು. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ. ದೋಹಾದಲ್ಲಿ ವಿಮಾನ ರಿಪೇರಿ ಮಾಡುವವನಿಗೆ ಬೋಲ್ಟು ಒಂದೋ ಸಡಿಲ, ಇಲ್ಲವೋ ಬಿಗಿ. ನಡುವೆ ಇನ್ನೊಂದಿಲ್ಲ ಅಂತಲೇ ನಂಬಿದ್ದೆ.

ನನಗೊಂದು ಹುಚ್ಚು ಉಂಟು. ಮಹಾಯುದ್ಧದಲ್ಲಿ ಬಿದ್ದ ಜರ್ಮನ್ ವಿಮಾನಗಳ ಹಳೇ ಫೋಟೋ ನೋಡಿ, ಅದು ಯಾವ ವಿಮಾನ, ಅದರಲ್ಲಿದ್ದದ್ದು ಯಾರು ಅಂತ ಗುರುತಿಸುವುದು. ಇಂಟರ್ನೆಟ್ಟಿನಲ್ಲಿ ಇದಕ್ಕೆ ನಮ್ಮದೊಂದು ಗುಂಪೇ ಇದೆ. ಕಟ್ಟುಪಾಡು ಒಂದೇ: ಇಬ್ಬರು ಬೇರೆಬೇರೆಯಾಗಿ ನೋಡಿ ಒಂದೇ ಮಾತು ಹೇಳುವವರೆಗೆ ಸತ್ತವರ ಮನೆಯವರ ಹತ್ತಿರ ತುಟಿ ಬಿಚ್ಚಬಾರದು.

ಕೆಲವು ವರ್ಷದ ಹಿಂದೆ ಜರ್ಮನಿಯ ಒಬ್ಬ ವೃದ್ಧೆ ಫೋಟೋ ಕಳಿಸಿದ್ದರು. ಲಿಬಿಯಾದ ಮರಳಲ್ಲಿ ಬಿದ್ದ ಬಾಂಬರ್, ಅದಕ್ಕೆ ಒರಗಿ ನಗುತ್ತಿರುವ ಒಬ್ಬ ಇಂಗ್ಲಿಷ್ ಸಿಪಾಯಿ. ವಿಮಾನದ ಮೈಮೇಲಿನ ಶಿಲುಬೆ ಗುರುತಿನ ಪಕ್ಕದ ಅಕ್ಷರ ಎಚ್ ಆಗಿದ್ದರೆ ಅದು ಪೈಲಟ್ ಆಗಿದ್ದ ಅವರ ಅಪ್ಪನ ವಿಮಾನ. ಸರಿಯಾಗಿ ಆ ಅಕ್ಷರದ ಮೇಲೇ ಸಿಪಾಯಿಯ ಮೊಣಕೈ. ಅಪ್ಪ ಎಲ್ಲಿ ಬಿದ್ದರೆಂದು ತಿಳಿಯದೆ ಕಣ್ಣು ಮುಚ್ಚಲಾರೆ ಅಂತ, ಹಾಸಿಗೆ ಹಿಡಿದಿದ್ದ ಆಕೆ ಮಗಳ ಕೈಲಿ ಬರೆಸಿದ್ದರು.

ಆಗ ಆಟಿ ತಿಂಗಳು, ನಮ್ಮ ತುಳುನಾಡಿನ ಆಷಾಢ. ಊರಿಂದ ಅಮ್ಮ ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಸತ್ತವರಿಗೆ ಬಡಿಸದೆ ಆಟಿ ಕಳೆಯುವುದುಂಟೇ? ಶುಕ್ರವಾರ ಮಧ್ಯಾಹ್ನ ನಡುಮನೆಯಲ್ಲೇ ಬಾಳೆಲೆ ಹಾಕಿ ಕೋಳಿ ಪದಾರ್ಥ ಬಡಿಸಿದರು. ಅಪ್ಪನಿಗೊಂದು, ಅಜ್ಜನಿಗೊಂದು, ಕೊನೆಗೆ ಬಡಿಸುವವರು ಯಾರೂ ಇಲ್ಲದವರಿಗೆ ಅಂತ ಒಂದು. ಅವರು ಉಣ್ಣುವಾಗ ನಾವು ನೋಡಬಾರದು. ಬಾಗಿಲೆಳೆದು ಎಲ್ಲರೂ ಹೊರಗೆ ನಿಂತೆವು. ಹೊರಗೋ ಬೆಂಕಿಯಂಥ ಸೆಖೆ. ಕೀ ಒಳಗೇ ಉಳಿಯಿತಾ ಅಂತ ಪಕ್ಕದ ಮನೆಯ ಮಲಯಾಳಿ ಪಾಪ ವಿಚಾರಿಸಿದರು. ಮಾಫಿ ಪ್ರಾಬ್ಲಂ, ಏನೂ ತೊಂದರೆಯಿಲ್ಲ ಅಂದೆ.

ಒಳಗೆ ಬಂದಾಗ ಮೂಲೆಯ ಮೇಜಿನ ಮೇಲೆ, ಆ ಫೋಟೋ ತೆರೆದಿಟ್ಟಿದ್ದ ಲ್ಯಾಪ್‌ಟಾಪ್ ಹಾಗೇ ಇತ್ತು. ನೋಡುತ್ತೇನೆ, ಮೊಣಕೈ ಇಲ್ಲ. ಸಿಪಾಯಿ ಅಲ್ಲೇ ಇದ್ದಾನೆ, ನಗುವೂ ಅದೇ, ಕೈ ಮಾತ್ರ ಕೆಳಗಿಳಿದಿದೆ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹೆಂಡತಿಯನ್ನು ಕರೆದು, ಏನೂ ಹೇಳದೆ, ಇದು ಯಾವ ಅಕ್ಷರ ಅಂತ ಕೇಳಿದೆ.

"ಎಚ್ ಅಲ್ವಾ?" ಅಂದಳು. ಅವಳಿಗೆ ಈ ವಿಷಯದ ಗಂಧಗಾಳಿ ಇರಲಿಲ್ಲ.

ಇಬ್ಬರಾಯಿತಲ್ಲ! ನಿಂತಲ್ಲೇ ಫೋನಿನಲ್ಲಿ ಆ ವೃದ್ಧೆಗೆ ಬರೆದೆ, ಇದು ನಿಮ್ಮ ಅಪ್ಪನದೇ ಅಂತ. ಕಳಿಸಿ ತಲೆ ಎತ್ತಿದರೆ ಮೊಣಕೈ ಮೊದಲಿನ ಜಾಗದಲ್ಲೇ ಇತ್ತು. ಅದನ್ನು ಕೇಳಿ ಆಕೆ ತುಂಬ ಹೊತ್ತು ಅತ್ತರು, ಆಮೇಲೆ ಸಮಾಧಾನದಿಂದ ಕಣ್ಣು ಮುಚ್ಚಿದರು ಅಂತ ಆಕೆಯ ಮಗಳು ಆ ವಾರವೇ ಬರೆದರು.

ಎಚ್ ನೋಡಿದ್ದು ಹೌದೆಂದು ಹೆಂಡತಿ ಇವತ್ತಿಗೂ ಆಣೆ ಹಾಕುತ್ತಾಳೆ. ಸೆಖೆಗೆ ಇಬ್ಬರ ಕಣ್ಣೂ ಒಂದೇ ಥರ ಮೋಸ ಹೋಗುತ್ತದೆಯೇ? ನನಗೆ ಅರ್ಥವಾಗಿಲ್ಲ. ನನ್ನ ಅಮ್ಮನಿಗೆ ಆ ಯೋಚನೆಯೇ ಇಲ್ಲ. ಪ್ರತಿ ಆಟಿಗೆ ಆ ಪೈಲಟಿಗೂ ಒಂದು ಎಲೆ ಹಾಕುತ್ತಾರೆ.

ಈ ಸಲದ ಆಟಿಯಲ್ಲಿ ಗುಂಪಿನವರೊಬ್ಬರ ಮೇಲ್ ಬಂತು. ಅದೇ ವಿಮಾನದ ಇನ್ನೊಂದು ಫೋಟೋ ಸಿಕ್ಕಿದೆಯಂತೆ, ಅಕ್ಷರ ಸ್ಪಷ್ಟವಾಗಿದೆಯಂತೆ. ತೆರೆದು ನೋಡಿ ಖಲಾಸ್ ಮಾಡಿ ಅಂತಾಳೆ ಹೆಂಡತಿ. ಎಚ್ ಅಲ್ಲದಿದ್ದರೆ ಸಾಯುವವರಿಗೆ ಸುಳ್ಳು ಹೇಳಿದಂತಾಯಿತು. ಎಚ್ ಆಗಿದ್ದರೆ ಆ ಕೈ ಸರಿಸಿದ್ದು ಯಾರು? ನನಗೆ ಎರಡೂ ಹೆದರಿಕೆ. ತಡೆಯಲಾರದೆ, ತೆರೆದು ನೋಡಲಾ ಅಂತ ಅಮ್ಮನನ್ನು ಕೇಳಿದೆ. ಅವರು ಬಾಳೆಲೆ ಒರೆಸುತ್ತಾ ಕೂತಿದ್ದರು.

"ಉಣ್ಣಲು ಕೂತವನನ್ನು, ನೀನು ಯಾರು ಅಂತ ಕೇಳಿ ಎಬ್ಬಿಸ್ತಾರಾ ಮಗಾ?" ಅಂದರು.

ಮೇಲ್ ಇನ್ನೂ ತೆರೆದಿಲ್ಲ.