ಹಬ್ಬದ ದಿನ ಗರಗಸ ಎತ್ತಿದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಯಂತ್ರ ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳನ್ನು ವಿಮಾನದ ತಗಡಿಗೆ ಉಜ್ಜಿ, ನಾಲಿಗೆಗೆ ಇಟ್ಟುಕೊಂಡು ನೋಡುವುದು ನಮ್ಮ ಫೋರ್‌ಮನ್ನರ ಕೊಳಕು ಚಟ. ಸಮುದ್ರದ ಉಪ್ಪು ಹತ್ತಿದೆಯೋ ಇಲ್ಲವೋ ಎಂದು ಹಾಗೆ ನೆಕ್ಕಿಯೇ ಹೇಳುತ್ತಿದ್ದರು. "ಪಾಪ, ಇವತ್ತು ಊಟದ ಡಬ್ಬಿ ತಂದಿಲ್ಲ" ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬಾಯಿ ಅಂಥದು.

ಎರಡನೇ ಮಹಾಯುದ್ಧ ಮುಗಿದಿತ್ತು. ಊರಿನ ಪೂರ್ವಕ್ಕಿದ್ದ ವಿಮಾನ ರಿಪೇರಿ ಕಾರ್ಖಾನೆಯಲ್ಲಿ ಕೆಲಸ ಇಳಿಯುತ್ತಾ ಬಂದು, ಹಲಸೂರಿನಿಂದ ಸೈಕಲ್ ತುಳಿಯುತ್ತಿದ್ದ ನಮ್ಮ ಗುಂಪು ದಿನೇ ದಿನೇ ಸಣ್ಣದಾಗುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಉಳಿದಿದ್ದವು ಹಡಗಿನ ಮೇಲಿಂದ ಹಾರುವ, ರೆಕ್ಕೆ ಮಡಚಿ ನಿಲ್ಲಿಸಬಹುದಾದ, ನೌಕಾಪಡೆಯ ಎರಡು ಸೀಟಿನ ಹಳೆಯ ಫೈಟರ್ ವಿಮಾನಗಳು. ಇವನ್ನೇ ರಿಪೇರಿ ಮಾಡಿ ಓಡಿಸುವುದೋ, ಗುಜರಿಗೆ ಹಾಕಿ ಹೊಸದು ತರಿಸುವುದೋ ಎಂದು ಮೇಲಿನವರಲ್ಲಿ ಚರ್ಚೆ. ಹೊಸದು ಬಂದರೆ ನಮ್ಮ ಶೆಡ್ಡಿಗೆ ಬೀಗ. ನನ್ನ ಹೆಂಡತಿ ಆಗ ತುಂಬು ಬಸುರಿ.

ಸಾಹೇಬರು ಎಲ್ಲರನ್ನೂ ಸೇರಿಸಿ ಕೇಳಿದಾಗ ನಾನೇ ಎದ್ದು ನಿಂತೆ. "ಇನ್ನೂ ಐದು ವರ್ಷ ಹಾರತ್ತೆ ಸಾರ್" ಎಂದೆ.

ಫೋರ್‌ಮನ್ ಉರಿದುಬಿದ್ದರು. "ಲೇ, ಬಣ್ಣ ಬಳಿದ್ರೆ ಮುದುಕಿ ಮದುವಣಗಿತ್ತಿ ಆಗ್ತಾಳೇನೋ? ರೆಕ್ಕೆ ಒಳಗೆಲ್ಲಾ ಉಪ್ಪು ಹೊಕ್ಕಿದೆ. ಗುಜರಿಗೆ ಹಾಕ್ಬಿಡಿ ಸಾರ್!"

"ನಿಮಗೇನು, ಪೆನ್ಷನ್ ಬರತ್ತೆ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರ?" ಎಂದೆ.

"ನಿನ್ ಹೊಟ್ಟೆ ಹಾಳಾಗ್ಹೋಗ್ಲಿ" ಎಂದರು.

ನಾನು ರಿಪೇರಿ ಮಾಡಿದ್ದ ಒಂದು ವಿಮಾನ ಹಾರಿಸಿ ನೋಡಿ ತೀರ್ಮಾನಿಸೋಣ ಎಂದರು ಸಾಹೇಬರು. ರಿಪೇರಿ ಮಾಡಿದವನೇ ಮೊದಲ ಹಾರಾಟದಲ್ಲಿ ಪೈಲಟ್ಟನ ಹಿಂದೆ ಕೂರಬೇಕೆಂಬುದು ನಮ್ಮಲ್ಲಿ ಪದ್ಧತಿ. ಎದೆ ಸೆಟೆಸಿ ಒಪ್ಪಿಕೊಂಡೆ. ಒಳ್ಳೆಯ ದಿನವೆಂದು ವಿಜಯದಶಮಿಗೇ ಹಾರಾಟ ಇಟ್ಟರು.

ಹಿಂದಿನ ದಿನ ಆಯುಧಪೂಜೆ. ಸುತ್ತಿಗೆ, ಇಕ್ಕಳ, ಗರಗಸ ಎಲ್ಲ ತೊಳೆದು ಜಮಖಾನದ ಮೇಲೆ ಜೋಡಿಸಿ ಕುಂಕುಮ ಇಟ್ಟೆವು. ವಿಮಾನದ ಮೂತಿಗೆ ರಸೆಲ್ ಮಾರ್ಕೆಟ್ಟಿನ ಚೆಂಡುಹೂವಿನ ಹಾರ. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಬೂದುಗುಂಬಳ ಒಡೆದು ಕಡಲೆಪುರಿ ಹಂಚುತ್ತಿದ್ದಾಗ ಫೋರ್‌ಮನ್ ಬಂದರು. ಬೂಟುಗಾಲಲ್ಲೇ ಜಮಖಾನ ತುಳಿದು ಗರಗಸ ಎತ್ತಿಕೊಂಡರು. ರೆಕ್ಕೆ ಮಡಚುವ ಕಡೆ ಮುಚ್ಚಳ ತೆಗೆದು, ರೆಕ್ಕೆಯನ್ನು ಹೊತ್ತಿದ್ದ ಒಳಗಿನ ತೊಲೆಯನ್ನು ಕುಯ್ಯತೊಡಗಿದರು.

"ಅಯ್ಯೋ ಪಾಪಿ, ಬಿಡ್ರೀ!" ಎಂದು ಕಾಲರ್ ಹಿಡಿದು ಎಳೆದೆ. ಇನ್ನಿಬ್ಬರು ಕೈಗೆ ಜೋತುಬಿದ್ದರು. ಆ ಮನುಷ್ಯ ಗರಗಸ ಬಿಡಲಿಲ್ಲ. ಅರ್ಧ ಕುಯ್ಯುವಷ್ಟರಲ್ಲಿ ತೊಲೆ ತಾನೇ ಮುರಿದು ರೆಕ್ಕೆ ನೆಲಕ್ಕೆ ಬಂತು. ಉಪ್ಪು ತಿಂದ ಲೋಹ ಒಳಗಿಂದ ಸುಣ್ಣದಂಥ ಬಿಳಿ ಪುಡಿಯಾಗಿ ನನ್ನ ಬೂಟಿನ ಮೇಲೆ ಸುರಿಯಿತು.

"ನಾಳೆ ಇದರ ಮೇಲೆ ಹೋಗೋನಿದ್ದೆ ನೀನು. ಹೋಗು, ಕಡ್ಲೆಪುರಿ ತಿನ್ನು" ಎಂದು ಏದುಸಿರು ಬಿಟ್ಟರು.

ಸರ್ಕಾರದ ಸ್ವತ್ತು ಹಾಳು ಮಾಡಿದರೆಂದು ಅವರನ್ನು ಕೆಲಸದಿಂದ ತೆಗೆದರು, ಪೆನ್ಷನ್ನೂ ಹೋಯಿತು. ಹಳೆಯ ವಿಮಾನಗಳೆಲ್ಲ ಗುಜರಿಗೆ, ನಾವೆಲ್ಲ ಬೀದಿಗೆ. ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದ ಶಿವಾಜಿನಗರದಲ್ಲಿ ಸೈಕಲ್ ಪಂಚರ್ ಹಾಕುತ್ತಾ ನಾನು ದಿನಾ ಅವರಿಗೆ ಹಿಡಿಶಾಪ ಹಾಕಿದೆ. ಒಂದು ದಿನ ಅವರೇ ಸೈಕಲ್ ತಳ್ಳಿಕೊಂಡು ಬಂದರು. ಬುತ್ತಿ ತಂದಿದ್ದ ನನ್ನ ಹೆಂಡತಿಯ ಕಂಕುಳಲ್ಲಿ ಮಗಳಿದ್ದಳು. ಆ ಬೋಳು ಹೆಬ್ಬೆರಳಿಂದ ಮಗುವಿನ ಗಲ್ಲ ಸವರಿ, "ಅಪ್ಪನಷ್ಟು ಪೆದ್ದಿಯಲ್ಲ ಇದು" ಎಂದರು. ಮೈಯೆಲ್ಲ ಉರಿದುಹೋಯಿತು ನನಗೆ.

ಲಿಂಗರಾಜಪುರದ ಬಾಡಿಗೆ ಮನೆಯಲ್ಲಿ ಅವರು ತೀರಿಕೊಂಡಾಗ ಹೋಗಿದ್ದೆ. ಹಬ್ಬದ ದಿನ ನನ್ನ ಅನ್ನ ಕುಯ್ದ ಮನುಷ್ಯ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದಾಗ, ಜೊತೆಗೆ ಬಂದಿದ್ದ ಮಗಳು ಗುಂಪಿನಲ್ಲಿ ನನ್ನನ್ನು ಕಾಣದೆ "ಅಪ್ಪಾ, ಅಪ್ಪಾ" ಎಂದು ಕೂಗಿದಳು. ಓಗೊಡಲು ನಾನಿದ್ದೆ.